ಗಿಡ, ನಾಯಿ-ಬೆಕ್ಕು, ಮನೆಮಂದಿ: ತಾರಸಿ ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ತೋಟದವರು ನಾಲ್ಕು ಜನ ಸೇರಿದರೆ ಮಾತು ಕರಿಬೇವಿನಿಂದ ಶುರುವಾಗಿ, ಮೊಮ್ಮಗುವಿನ ನಾಮಕರಣಕ್ಕೆ ಹೋಗಿ, ನಾಯಿಮರಿ ಕಿತ್ತು ಹಾಕಿದ ಕುಂಡಕ್ಕೆ ಬರುತ್ತದೆ. ಹಾಗೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಉತ್ತರಗಳಿಗೆ ಬೆಂಗಳೂರು-ಮೈಸೂರು ಕಡೆಯ ಹವೆ ಆಧಾರ. ಕರಾವಳಿಯವರು ಮಳೆಯನ್ನೂ ರಾಯಚೂರು-ಕಲಬುರಗಿಯವರು ಬಿಸಿಲನ್ನೂ ಲೆಕ್ಕಕ್ಕೆ ಹಿಡಿದು ಓದಿಕೊಳ್ಳಿ.

## ಈಗಷ್ಟೇ ಶುರು ಮಾಡಿದವರಿಗೆ

ಕುಂಡಕ್ಕೆ ಬರೀ ಕೆಂಪು ಮಣ್ಣು ಹಾಕಿದ್ರೆ ಸಾಲಲ್ವಾ?

ಸಾಲದು. ನೆಲದಲ್ಲಿ ಎರೆಹುಳ, ಇರುವೆ ಎಲ್ಲ ಸೇರಿ ಮಣ್ಣನ್ನು ಸಡಿಲವಾಗಿಡುತ್ತವೆ. ಕುಂಡದಲ್ಲಿ ಆ ಕೆಲಸ ಮಾಡುವವರಿಲ್ಲ. ಬರೀ ಕೆಂಪು ಮಣ್ಣು ಎರಡು ತಿಂಗಳಲ್ಲಿ ಗಟ್ಟಿಯಾಗುತ್ತದೆ, ಹಾಕಿದ ನೀರು ಅಂಚಿನಿಂದ ಇಳಿದು ತೂತಿನಲ್ಲಿ ಹೋಗಿಬಿಡುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಮಣ್ಣು ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಒಂದು ಪಾಲು ಕಲಸಿ, ಬಕೆಟ್ಟಿಗೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಹಸಿ ಸಗಣಿ ಬೇಡ, ಬೇರು ಸುಡುತ್ತದೆ.

ಐದು ಕಿಲೋ ಕೋಕೋಪೀಟ್ ಇಟ್ಟಿಗೆ ನೆನೆದರೆ ಸುಮಾರು 60-70 ಲೀಟರ್ ಆಗುತ್ತದೆ. ಅದನ್ನು ಎರಡು ಸಲ ನೀರಿನಲ್ಲಿ ತೊಳೆದು ಹಿಂಡಿ. ತೊಳೆಯದಿದ್ದರೆ ಅದರಲ್ಲಿರುವ ಉಪ್ಪಿನಿಂದ ಎಲೆಯ ಅಂಚು ಕಂದಾಗುತ್ತದೆ. ಜನ ಅದನ್ನು ರೋಗ ಅಂದುಕೊಂಡು ಔಷಧಿ ಹೊಡೆಯುತ್ತಾರೆ.

ದಿನಾ ಎಷ್ಟು ನೀರು ಹಾಕ್ಬೇಕು? ಅತ್ತೆ ಬೆಳಿಗ್ಗೆ ಹಾಕ್ತಾರೆ, ನಾನು ಸಂಜೆ ಹಾಕ್ತೀನಿ.

ಸಮಸ್ಯೆ ಅಲ್ಲೇ ಇದೆ. ಕುಂಡದ ಗಿಡ ಸಾಯುವುದು ನೀರು ಕಮ್ಮಿಯಾಗಿ ಅನ್ನುವುದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಇಬ್ಬರು ಹಾಕಿ. ಒಬ್ಬರೇ ಹಾಕಿ, ಹಾಕುವ ಮುಂಚೆ ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ತೇವ ತಾಗಿದರೆ ಅವತ್ತು ಬೇಡ. ಒಣಗಿದ್ದರೆ ತಳದ ತೂತಿನಿಂದ ನೀರು ಬರುವವರೆಗೆ ಹಾಕಿ.

ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆ ತಾನಾಗಿ ಎದ್ದರೆ ಅದು ಬಿಸಿಲಿನ ಆಯಾಸ, ನೀರಿನ ಕೊರತೆಯಲ್ಲ. ಮಣ್ಣು ಒದ್ದೆಯಿದ್ದೂ ಕೆಳಗಿನ ಎಲೆ ಹಳದಿಯಾಗುತ್ತಿದ್ದರೆ ನೀರು ಜಾಸ್ತಿಯಾಗಿದೆ. ತೂತು ಕಟ್ಟಿಕೊಂಡಿದೆಯೇ ಅಂತ ಕಡ್ಡಿ ಹಾಕಿ ನೋಡಿ.

ಬಾಲ್ಕನಿಗೆ ಬಿಸಿಲೇ ಬರಲ್ಲ. ಟೊಮ್ಯಾಟೊ ಹಾಕ್ಬಹುದಾ?

ಬೇಡ. ಕಾಯಿ-ಹೂವಿಗೆ ಐದಾರು ಗಂಟೆ ನೇರ ಬಿಸಿಲು ಬೇಕು. ಎರಡು-ಮೂರು ಗಂಟೆ ಬಿಸಿಲಿದ್ದರೆ ಪುದೀನ, ದೊಡ್ಡಪತ್ರೆ, ಒಂದೆಲಗ ಬರುತ್ತವೆ. ಅದೂ ಇಲ್ಲದಿದ್ದರೆ ವೀಳ್ಯದೆಲೆ ಬಳ್ಳಿ ಹಾಕಿ. ಅದಕ್ಕೆ ನೆರಳೇ ಹಿತ.

ಪಕ್ಕದ ಮನೆಯವರು ದಾಸವಾಳದ ಕಡ್ಡಿ ಕೊಟ್ಟಿದ್ದಾರೆ, ಹೇಗೆ ನೆಡೋದು?

ಪೆನ್ಸಿಲ್ ದಪ್ಪದ ಕಡ್ಡಿ, ಆರರಿಂದ ಎಂಟು ಇಂಚು ಉದ್ದ ಸಾಕು. ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ನೆರಳಲ್ಲಿ ಇಡಿ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲ ಒಳ್ಳೆಯದು. ಚಿಗುರು ಬಂದ ಕೂಡಲೇ ಬೇರು ಬಂದಿದೆ ಅಂತಲ್ಲ, ಕಡ್ಡಿಯಲ್ಲಿದ್ದ ಸತ್ವದಿಂದಲೂ ಚಿಗುರು ಬರುತ್ತದೆ. ನಾಲ್ಕೈದು ವಾರ ಅಲುಗಾಡಿಸಬೇಡಿ. ಬೇರು ಬಂತಾ ಅಂತ ಕಿತ್ತು ನೋಡುವ ಚಪಲಕ್ಕೆ ಹೋದ ಕಡ್ಡಿಗಳಿಗೆ ಲೆಕ್ಕವಿಲ್ಲ.

## ದಿನನಿತ್ಯದ ಗಿಡಗಳು

ಕರಿಬೇವು ಎರಡು ವರ್ಷದಿಂದ ಒಂದೇ ಎತ್ತರ. ಮಜ್ಜಿಗೆ ಹಾಕಿದ್ರೂ ಅಷ್ಟೇ. ಯಾಕೆ?

ಮೊದಲು ತಿಂಗಳು ನೋಡಿ. ಡಿಸೆಂಬರ್-ಜನವರಿಯ ಚಳಿಯಲ್ಲಿ ಕರಿಬೇವು ಸುಮ್ಮನೆ ನಿಂತಿರುತ್ತದೆ, ಆಗ ಗೊಬ್ಬರ ಸುರಿದರೆ ಬೇರಿಗೇ ತೊಂದರೆ. ಫೆಬ್ರವರಿ ಕೊನೆಗೆ ಚಿಗುರುತ್ತದೆ.

ಆಮೇಲೆ ಕುಂಡ ನೋಡಿ. ಎಂಟಿಂಚಿನ ಕುಂಡದಲ್ಲಿ ಅದು ಬೆಳೆಯುವುದಿಲ್ಲ, 14 ಇಂಚಾದರೂ ಬೇಕು. ಮೂರನೆಯದು ಕತ್ತರಿ. ಒಂದೇ ಕಡ್ಡಿಯಾಗಿ ನಿಂತ ಗಿಡದ ತುದಿಯನ್ನು ಎರಡು-ಮೂರು ಅಡಿಯಲ್ಲಿ ಚಿವುಟಿದರೆ ಪಕ್ಕದ ಕೊಂಬೆ ಒಡೆಯುತ್ತವೆ. ಒಗ್ಗರಣೆಗೆ ಕೀಳುವಾಗಲೂ ಬಿಡಿ ಎಲೆ ತರಿಯಬೇಡಿ, ಎಸಳನ್ನೇ ಬುಡದಿಂದ ಮುರಿಯಿರಿ. ಹೂಗೊಂಚಲು ಬಂದರೆ ತೆಗೆದುಬಿಡಿ, ಕಾಯಿ ಕಟ್ಟಲು ಹೋದರೆ ಎಲೆ ನಿಲ್ಲುತ್ತದೆ.

ಮಜ್ಜಿಗೆಯಲ್ಲಿ ಹುರುಳಿದೆ, ಆದರೆ ಅದು ಗೊಬ್ಬರವಲ್ಲ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಮಣ್ಣಿನ ಕ್ಷಾರ ಏರಿ, ಕಬ್ಬಿಣಾಂಶ ಮಣ್ಣಿನಲ್ಲಿದ್ದೂ ಬೇರಿಗೆ ಸಿಗುವುದಿಲ್ಲ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಇದೇ ಕಾರಣ. ಹುಳಿ ಮಜ್ಜಿಗೆ ಆ ಕ್ಷಾರವನ್ನು ಸ್ವಲ್ಪ ತಗ್ಗಿಸುತ್ತದೆ. ಒಂದು ಲೋಟಕ್ಕೆ ಹತ್ತು ಲೋಟ ನೀರು, ಹದಿನೈದು ದಿನಕ್ಕೊಮ್ಮೆ. ಊಟಕ್ಕೆ ಮಾಡಿದ ಉಪ್ಪು ಹಾಕಿದ ಮಜ್ಜಿಗೆ ಖಂಡಿತ ಬೇಡ.

ಎಲೆ ಕಡಿದಂತಿದ್ದರೆ ಮೇಲ್ಭಾಗ ಗಮನಿಸಿ. ಹಕ್ಕಿಯ ಹಿಕ್ಕೆಯಂತೆ ಕಾಣುವ ಕಪ್ಪು-ಬಿಳಿ ಹುಳು ನಿಂಬೆ ಚಿಟ್ಟೆಯದು, ಬೆಳೆದರೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಕೈಯಲ್ಲೇ ತೆಗೆದರೆ ಸಾಕು. ಮನೆಯಲ್ಲಿ ಮಕ್ಕಳಿದ್ದರೆ ಒಂದನ್ನು ಬಿಟ್ಟು ಗೂಡು ಕಟ್ಟುವುದನ್ನು ತೋರಿಸಿ. ಒಂದು ಹುಳು ತಿಂದರೆ ಸಾರಿಗೇನೂ ಕೊರತೆಯಾಗದು.

ದುಂಡುಮಲ್ಲಿಗೆ ಎಲೆ ಸೊಂಪಾಗಿದೆ, ಮೊಗ್ಗೇ ಇಲ್ಲ.

ಸೊಂಪಾಗಿರುವುದೇ ಕಾರಣ. ಸಾರಜನಕ ಹೆಚ್ಚಾಗಿ ಬಿಸಿಲು ಕಮ್ಮಿಯಾದರೆ ಮಲ್ಲಿಗೆ ಎಲೆ ಮಾಡುತ್ತಾ ಕೂರುತ್ತದೆ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಮಣ್ಣಿನಿಂದ ಒಂದೂವರೆ ಅಡಿ ಬಿಟ್ಟು ಗಿಡವನ್ನು ಕತ್ತರಿಸಿ, ಒಣಕಲು ಕಡ್ಡಿ ತೆಗೆದು, ಉಳಿದ ಎಲೆಗಳನ್ನೂ ಕಿತ್ತುಬಿಡಿ. ನೀರು ಕಮ್ಮಿ ಮಾಡಿ. ಜನವರಿ ಕೊನೆಗೆ ಎರಡು ಹಿಡಿ ಎರೆಗೊಬ್ಬರ ಕೊಟ್ಟು ನೀರು ಶುರು ಮಾಡಿ, ಆರು ಗಂಟೆ ಬಿಸಿಲಿರುವ ಕಡೆ ಇಡಿ. ಮಾರ್ಚ್‌ನಿಂದ ಮೊಗ್ಗು ನೋಡಬಹುದು. ಒಂದು ಸುತ್ತು ಹೂ ಮುಗಿದ ಮೇಲೆ ಹೂ ಬಿಟ್ಟ ತುದಿಗಳನ್ನು ಎರಡು ಜೋಡಿ ಎಲೆಯಷ್ಟು ಕತ್ತರಿಸಿದರೆ ಮತ್ತೊಂದು ಸುತ್ತು ಬರುತ್ತದೆ.

ಮೊಗ್ಗು ಬಂದೂ ನೇರಳೆ ಬಣ್ಣಕ್ಕೆ ತಿರುಗಿ ಅರಳದೆ ಉದುರಿದರೆ ಅದು ಮೊಗ್ಗು ಕೊರೆಯುವ ಹುಳು. ಸಣ್ಣ ತೂತು ಕಾಣುತ್ತದೆ. ಅಂಥ ಮೊಗ್ಗುಗಳನ್ನು ಆರಿಸಿ ಸಾಬೂನು ನೀರಿಗೆ ಹಾಕಿ, ಗೊಬ್ಬರದ ಬುಟ್ಟಿಗೆ ಬೇಡ. ಚಳಿಗಾಲಕ್ಕೂ ಹೂ ಬೇಕೆನ್ನುವವರು ಪಕ್ಕದಲ್ಲಿ ಒಂದು ಕಾಕಡ ಇಟ್ಟುಕೊಳ್ಳಿ. ಪರಿಮಳ ಕಮ್ಮಿ, ಪೂಜೆಗೆ ಸಾಕು.

ದಾಸವಾಳದ ಕುಡಿಯಲ್ಲಿ ಬಿಳಿ ಹತ್ತಿ ತರಹ. ಬೇವಿನೆಣ್ಣೆ ಹೊಡೆದ್ರೂ ಹೋಗ್ತಿಲ್ಲ.

ಹಿಟ್ಟು ತಿಗಣೆ. ಒಂದೇ ಸಲ ಹೊಡೆದರೆ ಹೋಗುವುದಿಲ್ಲ, ಹತ್ತಿಯೊಳಗೆ ಮೊಟ್ಟೆ ಇರುತ್ತದೆ. ಮೊದಲು ಪೈಪಿನ ನೀರಿನ ರಭಸಕ್ಕೆ ಉದುರಿಸಿ, ತೀರಾ ಹತ್ತಿದ ಕುಡಿ ಕತ್ತರಿಸಿ ಚೀಲಕ್ಕೆ ಕಟ್ಟಿ ಎಸೆಯಿರಿ. ಐದು ಎಂಎಲ್ ಬೇವಿನೆಣ್ಣೆಗೆ ಎರಡು ಎಂಎಲ್ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರು ಸೇರಿಸಿ. ನೀರಿಗೆ ನೇರ ಎಣ್ಣೆ ಹಾಕಿದರೆ ಮೇಲೆ ತೇಲುತ್ತದೆ, ಸ್ಪ್ರೇಯಲ್ಲಿ ಬರೀ ನೀರು ಬರುತ್ತದೆ. ಸಂಜೆ, ಎಲೆಯ ಅಡಿಗೆ ತಾಗುವಂತೆ, ವಾರಕ್ಕೊಮ್ಮೆ ಮೂರು ವಾರ ಹೊಡೆಯಿರಿ.

ಇರುವೆ ತಡೆಯದೆ ಇದು ಮುಗಿಯುವುದಿಲ್ಲ. ತಿಗಣೆ ಬಿಡುವ ಸಿಹಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಬೇರೆ ಗಿಡಕ್ಕೂ ಒಯ್ಯುತ್ತವೆ. ಕಾಂಡಕ್ಕೆ ಎರಡಿಂಚು ಅಗಲದ ಟೇಪು ಸುತ್ತಿ ಮೇಲೆ ವ್ಯಾಸಲೀನ್ ಬಳಿಯಿರಿ.

ತುಳಸಿ ವರ್ಷ ವರ್ಷ ಒಣಗುತ್ತೆ. ಅಮ್ಮ ಅಪಶಕುನ ಅಂತಾರೆ.

ಶಕುನವಲ್ಲ, ಆಯಸ್ಸು. ತುಳಸಿ ಎರಡು-ಮೂರು ವರ್ಷದ ಗಿಡ. ಕದಿರು ಬಿಟ್ಟು ಬೀಜ ಕಟ್ಟಿದರೆ ಇನ್ನೂ ಬೇಗ ಮುಗಿಯುತ್ತದೆ, ಉತ್ಥಾನ ದ್ವಾದಶಿ ಕಳೆದು ಚಳಿ ಬಿದ್ದಾಗ ಒಣಗುವುದು ಹೆಚ್ಚು. ಕದಿರು ಎಳೆಯದಿರುವಾಗಲೇ ಚಿವುಟುತ್ತಿರಿ. ವೃಂದಾವನಕ್ಕೆ ತಳದಲ್ಲಿ ತೂತಿದೆಯೇ ನೋಡಿ, ಬಹಳ ಕಡೆ ಇರುವುದಿಲ್ಲ. ಅರಿಸಿನ-ಕುಂಕುಮ, ಹಾಲು, ದೀಪದ ಎಣ್ಣೆ ಎಲ್ಲ ಬುಡಕ್ಕೇ ಬೀಳುತ್ತಿದ್ದರೆ ಅಂಚಿಗೊಂದು ಸಣ್ಣ ತಟ್ಟೆ ಇಡಿ. ಬೀಜದಿಂದ ಇನ್ನೆರಡು ಸಸಿ ಯಾವಾಗಲೂ ಪಕ್ಕದಲ್ಲಿ ಬೆಳೆಯುತ್ತಿರಲಿ, ಅಮ್ಮನಿಗೂ ಸಮಾಧಾನ.

ಅಡುಗೆಮನೆ ಕಸದ ಗೊಬ್ಬರ ನಾರುತ್ತಿದೆ, ಹುಳು ಬಿದ್ದಿದೆ. ಚೆಲ್ಲಬೇಕಾ?

ಚೆಲ್ಲಬೇಡಿ. ನಾತ ಬಂದರೆ ಒದ್ದೆ ಜಾಸ್ತಿ. ಹಸಿ ಕಸ ಒಂದು ಪಾಲಿಗೆ ಒಣ ಎಲೆ ಎರಡು ಪಾಲು ಹಾಕಿ ಕೆದಕಿದರೆ ಎರಡು ದಿನದಲ್ಲಿ ಇಳಿಯುತ್ತದೆ. ದಪ್ಪ ಕಂದು ಹುಳುಗಳು ಸಾಮಾನ್ಯವಾಗಿ ಸೈನಿಕ ನೊಣದವು, ಕಸವನ್ನು ಬೇಗ ಕರಗಿಸುತ್ತವೆ. ಹುಟ್ಟುಹಬ್ಬದ ಮರುದಿನ ಉಳಿದ ಬಿರಿಯಾನಿ, ಮೂಳೆ ಮಾತ್ರ ಹಾಕಬೇಡಿ, ಇಲಿ ಬರುತ್ತದೆ.

## ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ

ನಾಯಿಮರಿ ತಂದಿದ್ದೀವಿ. ಯಾವ ಗಿಡ ತೆಗೀಬೇಕು?

ಕಣಗಿಲೆ, ಉಮ್ಮತ್ತಿ, ಸೈಕಾಸ್, ಅಡೀನಿಯಂ, ಹರಳು, ಗುಲಗಂಜಿ ಇದ್ದರೆ ಇವತ್ತೇ ಕೈಗೆಟುಕದ ಕಡೆ ಇಡಿ ಅಥವಾ ಕೊಟ್ಟುಬಿಡಿ. ಕಣಗಿಲೆ ಹೃದಯದ ಬಡಿತ ಕೆಡಿಸುತ್ತದೆ. ಸೈಕಾಸ್ ಯಕೃತ್ತನ್ನು ಹಾಳು ಮಾಡುತ್ತದೆ, ಅದರ ಬೀಜ ಒಂದೆರಡು ತಿಂದರೂ ಪ್ರಾಣಕ್ಕೆ ಅಪಾಯ. ಹಲ್ಲು ಮೂಡುವ ಮರಿ ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ.

ಮನಿ ಪ್ಲಾಂಟ್, ಡೈಫನ್‌ಬೇಕಿಯಾ, ಕೆಸು ಅಷ್ಟು ಘೋರವಲ್ಲ; ಬಾಯಿ ಉರಿ, ಜೊಲ್ಲು, ವಾಂತಿ ತರುತ್ತವೆ. ಲೋಳೆಸರ ತಿಂದರೂ ಭೇದಿ. ದಾಸವಾಳ, ಗುಲಾಬಿ, ಮಲ್ಲಿಗೆ, ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್ ಭಯವಿಲ್ಲದೆ ಇಡಬಹುದು.

ಬೆಕ್ಕಿದ್ದವರಿಗೆ ಒಂದು ಮಾತು ಹೆಚ್ಚು: ಹೂಗುಚ್ಛದಲ್ಲಿ ಬರುವ ಲಿಲ್ಲಿ. ಅದರ ಪರಾಗ ಮೈಗೆ ತಾಗಿ ಬೆಕ್ಕು ನೆಕ್ಕಿಕೊಂಡರೂ, ಹೂದಾನಿಯ ನೀರು ಕುಡಿದರೂ ಮೂತ್ರಪಿಂಡ ಕೆಡಬಹುದು. ಮದುವೆ ವಾರ್ಷಿಕೋತ್ಸವಕ್ಕೆ ಯಾರಾದರೂ ತಂದುಕೊಟ್ಟರೆ ಮನೆಯೊಳಗೆ ಇಡಬೇಡಿ.

ಕುಂಡಕ್ಕೆ ಹಾಕಿದ ಹಿಂಡಿಯನ್ನ ನಾಯಿ ಕೆದಕಿ ತಿಂತು. ಏನಾದ್ರೂ ಆಗುತ್ತಾ?

ಯಾವ ಹಿಂಡಿ ಅನ್ನುವುದರ ಮೇಲೆ. ಹರಳು ಹಿಂಡಿಯಾದರೆ ಈ ಪುಟ ಓದುವುದು ಬಿಟ್ಟು ಪಶುವೈದ್ಯರ ಹತ್ತಿರ ಹೊರಡಿ, ಪ್ಯಾಕೆಟ್ ಜೊತೆಗಿರಲಿ. ಹರಳಿನಲ್ಲಿರುವ ರೈಸಿನ್ ಎಂಬ ವಿಷ ಎಣ್ಣೆ ತೆಗೆದ ಮೇಲೆ ಹಿಂಡಿಯಲ್ಲೇ ಉಳಿಯಬಹುದು. ವಾಂತಿ, ರಕ್ತಭೇದಿ, ಸುಸ್ತು ಕೆಲವೊಮ್ಮೆ ತಿಂದ ಹಲವು ಗಂಟೆಗಳಾದ ಮೇಲೆ, ಮರುದಿನವೂ ಶುರುವಾಗುತ್ತವೆ. ‘ಈಗ ಚೆನ್ನಾಗೇ ಇದೆಯಲ್ಲ’ ಅಂತ ಕಾಯುವುದೇ ದೊಡ್ಡ ತಪ್ಪು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದು ಇನ್ನೊಂದು ಅಪಾಯ.

ನಾಯಿಗೆ ಹರಳು ಹಿಂಡಿಯ ವಾಸನೆ ಇಷ್ಟ, ಎಲುಬಿನ ಪುಡಿ ಬೆರೆತರೆ ಇನ್ನೂ ಇಷ್ಟ. ‘ಸಾವಯವ ಮಿಶ್ರ ಗೊಬ್ಬರ’ ಅಂತ ಮಾರುವ ಚೀಲಗಳಲ್ಲೂ ಎರಡೂ ಇರಬಹುದು, ಹಿಂಬದಿಯ ಪಟ್ಟಿ ಓದಿ ಕೊಳ್ಳಿ. ನಾಯಿಯಿರುವ ಮನೆಗೆ ಬೇವಿನ ಹಿಂಡಿ ವಾಸಿ. ಕಹಿಗೆ ಸಾಮಾನ್ಯವಾಗಿ ಮೂತಿ ಹಾಕುವುದಿಲ್ಲ. ಆದರೂ ಮೇಲೆ ಉದುರಿಸದೆ ಎರಡಿಂಚು ಕೆಳಗೆ ಸೇರಿಸಿ. ಕಡಲೆ ಹಿಂಡಿ ನೆನೆಸುವವರು ಡಬ್ಬದ ಮುಚ್ಚಳ ಬಿಗಿಯಾಗಿ ಹಾಕಿ, ಎತ್ತರದಲ್ಲಿಡಿ.

ಬೆಕ್ಕು ಸೊಪ್ಪಿನ ಕುಂಡದಲ್ಲೇ ಗಲೀಜು ಮಾಡುತ್ತೆ. ನುಸಿ ಗುಳಿಗೆ ಹಾಕ್ಲಾ?

ನುಸಿ ಗುಳಿಗೆ, ಫಿನಾಯಿಲ್, ಕಾಫಿ ಪುಡಿ ಮೂರೂ ಬೆಕ್ಕಿಗೆ ವಿಷ. ಬೆಕ್ಕಿಗೆ ಬೇಕಾದದ್ದು ಕೆದಕಲು ಸಡಿಲ ಮಣ್ಣು, ಅದನ್ನು ತಪ್ಪಿಸಿ. ಬಿತ್ತಿದ ಮೇಲೆ ಕುಂಡದ ಬಾಯಿಗೆ ಕೋಳಿ ಬಲೆ ಕತ್ತರಿಸಿ ಹಾಸಿ, ಸೊಪ್ಪು ಅದರ ಸಂದಿಯಲ್ಲೇ ಮೇಲೆ ಬರುತ್ತದೆ. ದೊಡ್ಡ ಗಿಡಗಳ ಬುಡಕ್ಕೆ ಮುಷ್ಟಿ ಗಾತ್ರದ ಕಲ್ಲು ಜೋಡಿಸಿ. ಮೂಲೆಯಲ್ಲಿ ಒಂದು ಅಗಲ ಟ್ರೇಗೆ ಮರಳು ಹಾಕಿಟ್ಟು ದಿನಾ ಶುಚಿ ಮಾಡಿದರೆ ಬೆಕ್ಕು ಅದನ್ನೇ ಆರಿಸಿಕೊಳ್ಳುತ್ತದೆ.

ಕಳೆ ಕೀಳುವಾಗ ಬೆಕ್ಕು ಓಡಿಬಂದು ಒಂದು ಗಿಡದ ಬೇರಿಗೆ ಮುಖ ಉಜ್ಜಿ ಹೊರಳಾಡಿದರೆ ಗಾಬರಿಯಾಗಬೇಡಿ, ಅದು ಕುಪ್ಪಿಗಿಡ. ಅದರ ಬೇರಿನ ವಾಸನೆಗೆ ಬೆಕ್ಕುಗಳು ಹೀಗೆ ಮರುಳಾಗುತ್ತವೆ.

## ಮನೆಯ ಸುದ್ದಿ, ತೋಟದ ಕೆಲಸ

ಸೊಸೆ ಬಸುರಿ. ಮಣ್ಣು ಮುಟ್ಟಬಾರದು, ಬೆಕ್ಕು ಕೊಟ್ಟುಬಿಡಿ ಅಂತಿದ್ದಾರೆ. ನಿಜಾನಾ?

ಬೆಕ್ಕು ಕೊಡಬೇಕಾಗಿಲ್ಲ. ಭಯ ಇರುವುದು ಟಾಕ್ಸೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯದು. ಅದು ಬೆಕ್ಕಿನ ಮಲದಲ್ಲಿ ಬಂದು, ಒಂದರಿಂದ ಐದು ದಿನದಲ್ಲಿ ಸೋಂಕು ತರುವಂತಾಗುತ್ತದೆ. ಆದ್ದರಿಂದ ಟ್ರೇಯನ್ನು ಮನೆಯ ಬೇರೆಯವರು ಪ್ರತಿದಿನ ಶುಚಿ ಮಾಡಲಿ. ಗಂಡನಿಗೆ ವಹಿಸಿದರೆ ಸರಿ. ಬೀದಿ ಬೆಕ್ಕು ತಾರಸಿಗೆ ಬರುವುದರಿಂದ ಮಣ್ಣಿನ ಕೆಲಸಕ್ಕೆ ಕೈಗವಸು ಇರಲಿ, ಆಮೇಲೆ ಸಾಬೂನಿನಲ್ಲಿ ಕೈ ತೊಳೆಯಲಿ. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದು ಬೇಯಿಸಿ ತಿನ್ನಲಿ. ಔಷಧಿ ಹೊಡೆಯುವುದು, ಕುಂಡ ಎತ್ತುವುದು ಬೇಡ. ರಕ್ತಪರೀಕ್ಷೆ ಬೇಕೇ ಅನ್ನುವುದನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು.

ತಂಗಿ ಮದುವೆಗೆ ಹತ್ತು ದಿನ ಊರಿಗೆ ಹೋಗ್ತೀವಿ. ಗಿಡಗಳ ಗತಿ?

ಹೊರಡುವ ಮೂರು ದಿನ ಮುಂಚೆ ಕುಂಡಗಳನ್ನು ನೀರಿನ ಟ್ಯಾಂಕಿನ ನೆರಳಿಗೋ ಸಜ್ಜೆಯ ಕೆಳಗೋ ತಂದು ಒತ್ತೊತ್ತಾಗಿ ಇಡಿ. ನೆರಳಲ್ಲಿ ನೀರಿನ ಖರ್ಚು ಅರ್ಧಕ್ಕಿಳಿಯಬಹುದು. ಬಲಿತ ಕಾಯಿ, ಹೂ ಎಲ್ಲ ಕಿತ್ತುಬಿಡಿ. ಮಣ್ಣಿನ ಮೇಲೆ ಎರಡಿಂಚು ಒಣ ಎಲೆ ಅಥವಾ ತೆಂಗಿನ ನಾರು ಹಾಸಿ. ಗೊಬ್ಬರ ಹಾಕಿ ಹೊರಡಬೇಡಿ.

ಯಾರೂ ಬರುವವರಿಲ್ಲದಿದ್ದರೆ ಬತ್ತಿ ಕಟ್ಟಿ: 20 ಲೀಟರ್ ಬಕೆಟ್ಟನ್ನು ಕುಂಡಗಳಿಗಿಂತ ಎತ್ತರದ ಸ್ಟೂಲಿನ ಮೇಲಿಟ್ಟು, ಹಳೇ ಹತ್ತಿ ಸೀರೆಯ ಪಟ್ಟಿ ಹೊಸೆದು, ಪೂರ್ತಿ ನೆನೆಸಿ, ಒಂದು ತುದಿ ಬಕೆಟ್ಟಿನ ತಳಕ್ಕೆ, ಇನ್ನೊಂದು ತುದಿ ಮಣ್ಣಿನೊಳಗೆ ಮೂರಿಂಚು ಇಳಿಸಿ. ಪಾಲಿಯೆಸ್ಟರ್ ಬಟ್ಟೆ ನೀರು ಎಳೆಯುವುದಿಲ್ಲ, ಒಣ ಬತ್ತಿ ಶುರುವೇ ಆಗುವುದಿಲ್ಲ. ಎರಡು ದಿನ ಮುಂಚೆ ಕಟ್ಟಿ ನೀರು ಎಷ್ಟು ಇಳಿಯಿತು ನೋಡಿ. ಹೆಚ್ಚೆನಿಸಿದರೆ ಬತ್ತಿ ತೆಳು ಮಾಡಿ. ಬಕೆಟ್ಟಿನ ಬಾಯಿಗೆ ಬಟ್ಟೆ ಬಿಗಿದು ಕಟ್ಟಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಏಳರಿಂದ ಹತ್ತು ದಿನ ಸಾಕು. ಕುಂಡವನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟು ಹೋಗುವುದೂ ಇದಕ್ಕೇ ಬೇಡ, ಬೇರೂ ಕೊಳೆಯುತ್ತದೆ.

ಪಕ್ಕದ ಮನೆಯವರಿಗೆ ಹೇಳುವುದಾದರೆ ‘ಸ್ವಲ್ಪ ನೀರು ಹಾಕಿ’ ಅನ್ನಬೇಡಿ. ಒಂದು ಚೊಂಬಿನವು ಒಂದು ಕಡೆ, ಎರಡು ಚೊಂಬಿನವು ಇನ್ನೊಂದು ಕಡೆ, ಮುಟ್ಟಬಾರದ ಕಳ್ಳಿ ಜಾತಿಯವು ಮತ್ತೊಂದು ಕಡೆ ಅಂತ ಇಟ್ಟು, ಚೊಂಬನ್ನೂ ಅಲ್ಲೇ ಬಿಟ್ಟು ಹೋಗಿ.

ಗೃಹಪ್ರವೇಶಕ್ಕೆ ತಾಂಬೂಲದ ಜೊತೆ ಗಿಡ ಕೊಡೋಣ ಅಂತ. ಯಾವುದು ಕೊಡೋದು?

ದೊಡ್ಡಪತ್ರೆ. ಕಡ್ಡಿ ಚುಚ್ಚಿದರೆ ಎರಡು-ಮೂರು ವಾರಕ್ಕೆ ಬೇರು, ಆರು ವಾರಕ್ಕೆ ಕೊಡುವಂಥ ಸಸಿ, ತೆಗೆದುಕೊಂಡವರು ತಂಬುಳಿಯಾದರೂ ಮಾಡುತ್ತಾರೆ. ನೂರು ಬೇಕಿದ್ದರೆ 130 ಚುಚ್ಚಿ. ಗುಲಾಬಿ ಕೊಟ್ಟರೆ ಬಹುತೇಕ ಮನೆಗಳಲ್ಲಿ ತಿಂಗಳೊಳಗೆ ಹೋಗುತ್ತದೆ. ಹಿಂದಿನ ದಿನ ನೀರು ಹಾಕಿ, ಅವತ್ತು ಬೇಡ. ಸೀರೆಗೆ ಕೆಸರಾದರೆ ಗಿಡದ ಮೇಲೆ ಕೋಪ ಬರುತ್ತದೆ.

ಮಗ ಅಮೆರಿಕದಲ್ಲಿದ್ದಾನೆ. ಕರಿಬೇವಿನ ಸಸಿ ಬ್ಯಾಗಲ್ಲಿ ಒಯ್ಯಬಹುದಾ?

ಇಲ್ಲ. ಸಸಿಯೂ ಇಲ್ಲ, ಎಲೆಯೂ ಇಲ್ಲ. ಕಿತ್ತಳೆ-ನಿಂಬೆ ತೋಟಗಳನ್ನು ಹಾಳು ಮಾಡುವ ಸಿಟ್ರಸ್ ಗ್ರೀನಿಂಗ್ ರೋಗವನ್ನು ಹರಡುವ ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತದೆ, ಅದಕ್ಕೇ ನಿಷೇಧ. ಅಲ್ಲಿನ ನರ್ಸರಿಯಲ್ಲೇ ಕೊಳ್ಳಲಿ. ಚಳಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುವ ಮುಂಚೆ ಕುಂಡವನ್ನು ಒಳಗೆ, ಬಿಸಿಲು ಬೀಳುವ ಕಿಟಕಿಗೆ ತರಲಿ. ಎಲೆ ಉದುರಿದರೆ ಸತ್ತಿತೆಂದು ಎಸೆಯದೆ ನೀರು ಕಮ್ಮಿ ಮಾಡಿ ವಸಂತದವರೆಗೆ ಕಾಯಲಿ.

## ಕೈ ಪಳಗಿದವರಿಗೆ

ಮೊಮ್ಮಗಳು ಹುಟ್ಟಿದ ನೆನಪಿಗೆ ಮಾವು. ತಾರಸಿಯಲ್ಲಿ ಆಗುತ್ತಾ?

ಊರಲ್ಲಿ ಒಂದು ಗುಂಟೆ ಜಾಗವಿದ್ದರೂ ಅಲ್ಲಿ ನೆಡಿ. ಮಾವಿಗೆ ನೆಲವೇ ಸರಿ. ತಾರಸಿಯೇ ಗತಿಯಾದರೆ ಕಸಿ ಗಿಡ ತನ್ನಿ, ಗಿಡ್ಡ ಜಾತಿಯ ಆಮ್ರಪಾಲಿ ಡ್ರಮ್ಮಿಗೆ ಹೊಂದುತ್ತದೆ. ನೂರು ಲೀಟರಿಗೆ ಕಮ್ಮಿ ಬೇಡ. ಕಸಿ ಗಂಟು ಮಣ್ಣಿನ ಮೇಲೆ ಇರಲಿ, ಗಂಟಿನ ಕೆಳಗಿನಿಂದ ಬರುವ ಚಿಗುರು ಕೀಳಿ. ಬಿಟ್ಟರೆ ಕಸಿ ಸತ್ತು ಕಾಡು ಮಾವು ಉಳಿಯುತ್ತದೆ. ಮೊದಲ ಎರಡು ವರ್ಷ ಹೂ ಉಳಿಸಬೇಡಿ.

ಒದ್ದೆಯಾದ ಅಂಥ ಡ್ರಮ್ಮು 120 ಕಿಲೋ ದಾಟಬಹುದು. ಸ್ಲ್ಯಾಬಿನ ನಡುವೆ ಇಡದೆ ಗೋಡೆ ಅಥವಾ ಬೀಮಿನ ಮೇಲೆ ಬರುವಂತೆ, ಇಟ್ಟಿಗೆ ಕೊಟ್ಟು ಎತ್ತರಿಸಿ ಇಡಿ. ಹಳೇ ಮನೆಯಾದರೆ ಮೊದಲು ಇಂಜಿನಿಯರಿಗೆ ತೋರಿಸಿ.

ಟೊಮ್ಯಾಟೊ ಗಿಡ ಹಸಿರಾಗಿರುವಾಗಲೇ ರಾತ್ರಿ ಬೆಳಗಾಗೋದ್ರಲ್ಲಿ ಸೊರಗಿತು. ನೀರಿದೆ, ಹುಳು ಇಲ್ಲ.

ದುಂಡಾಣು ಸೊರಗು ರೋಗವಿರಬಹುದು. ಬುಡದ ಹತ್ತಿರ ಕಾಂಡ ಕತ್ತರಿಸಿ, ಆ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಹಾಕಿ ಐದು ನಿಮಿಷ ನೋಡಿ. ಕತ್ತರಿಸಿದ ಬಾಯಿಂದ ಹಾಲಿನಂಥ ಬಿಳಿ ಎಳೆ ಇಳಿದರೆ ಅದೇ. ಇದಕ್ಕೆ ಔಷಧಿಯಿಲ್ಲ. ಗಿಡವನ್ನು ಬೇರುಸಹಿತ ಕಿತ್ತು ಕಸಕ್ಕೆ ಕೊಡಿ, ಗೊಬ್ಬರಕ್ಕೆ ಹಾಕಬೇಡಿ, ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ.

ಆ ಮಣ್ಣಿಗೆ ಮತ್ತೆ ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಬೇಡ, ಮೂರೂ ಒಂದೇ ಕುಲ. ಏಪ್ರಿಲ್-ಮೇ ಬಿಸಿಲಿನಲ್ಲಿ ಮಣ್ಣನ್ನು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಕಲ್ಲಿಟ್ಟು ನಾಲ್ಕರಿಂದ ಆರು ವಾರ ಕಾಯಿಸಿದರೆ ರೋಗಾಣು ತಗ್ಗುತ್ತದೆ, ಪೂರ್ತಿ ಹೋಗುತ್ತದೆ ಅನ್ನುವಂತಿಲ್ಲ. ಆಮೇಲೆ ಮೂರರಲ್ಲೊಂದು ಪಾಲು ಹೊಸ ಗೊಬ್ಬರ ಸೇರಿಸಿ ಸೊಪ್ಪನ್ನೋ ಹುರುಳಿಕಾಯಿಯನ್ನೋ ಬೆಳೆಯಿರಿ. ಟೊಮ್ಯಾಟೊ ಬೇಕೇ ಬೇಕೆಂದರೆ ಬೇರೆ ಕುಂಡ, ಬೇರೆ ಮಣ್ಣು, ಮತ್ತು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬೀಜ. ಈ ಸೊರಗನ್ನು ತಡೆದುಕೊಳ್ಳುವ ತಳಿ ಅದು, ಎಲೆ ಮುದುಡುವ ನಂಜು ರೋಗಕ್ಕೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.